ಹಿರಿಯರಿಗೊಂದು ಲೋಟ ಬಿಸಿನೀರು

ಆ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ಎದೆಯ ಮೇಲಿನ ಕಪ್ಪು ಪಟ್ಟಿಯಲ್ಲಿ ಬರೆಸಿಕೊಂಡೇ ತಿರುಗುತ್ತಿದ್ದ. ಆದರೆ ನಮ್ಮ ಬೀದಿಯಲ್ಲಿ ಯಾರೂ ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಬಂದ ದಿನವೇ ಟೀ ಅಂಗಡಿಯ ಮುಂದೆ ನಿಂತು, "ಅಂಕಲ್, ಒಂದು ಲೋಟ ಬಿಸಿನೀರು ಕೊಡ್ತೀರಾ?" ಎಂದ. ಟೀ ಬೇಡವಾ ಎಂದರೆ ಬೇಡ, ಕಾಫಿ ಎಂದರೆ ಅದೂ ಬೇಡ. ಟೀ ಅಂಗಡಿಗೆ ಬಂದು ಬಿಸಿನೀರು ಕೇಳಿದವನನ್ನು ನಾವು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಸಂಜೆಯೊಳಗೆ ಅವನ ಹೆಸರು ಬಿಸಿನೀರು ಎಂದು ನಿಕ್ಕಿಯಾಯಿತು.

ಅವನ ಜೊತೆ ಇನ್ನೊಬ್ಬನಿದ್ದ. ಅವರು ಮಾರ್ಮನ್ ಎಂಬ ಕ್ರೈಸ್ತ ಸಭೆಯವರು, ಎರಡು ವರ್ಷ ಊರೂರು ತಿರುಗಿ ಮತಪ್ರಚಾರ ಮಾಡಬೇಕು, ಒಬ್ಬೊಬ್ಬರೇ ಓಡಾಡುವ ಹಾಗಿಲ್ಲ. ಒಬ್ಬನಿಗೆ ಹಲ್ಲುನೋವು ಬಂದರೆ ಇಬ್ಬರೂ ಹೋಗಿ ದಂತವೈದ್ಯರ ಮುಂದೆ ಕೂರಬೇಕು. ಹಾಗಾಗಿ ಎರಡನೆಯವನಿಗೆ ನೆರಳು ಎಂದು ಹೆಸರಾಯಿತು. ಇಬ್ಬರಿಗೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಆದರೂ ಅವರನ್ನು 'ಎಲ್ಡರ್' ಎಂದು ಕರೆಯಬೇಕಂತೆ. ಎಲ್ಡರ್ ಎಂದರೆ ಹಿರಿಯರು. ನನ್ನ ಕೊನೇ ಮಗನಿಗಿಂತ ಚಿಕ್ಕವರನ್ನು ನಾನು ಹಿರಿಯರೇ ಎಂದು ಕರೆಯುವುದೇ? ಸರಿ ಹೋಯಿತು ಎಂದುಕೊಂಡೆ. ಆದರೂ ಬೇಜಾರಾದಾಗಲೆಲ್ಲ ಕರೆದು ನಗುತ್ತಿದ್ದೆ.

ನಾನು ಯಾರು ಎಂದು ಹೇಳಲಿಲ್ಲವಲ್ಲ. ಟೀ ಅಂಗಡಿಯ ಪಕ್ಕದ ಇಸ್ತ್ರಿ ಅಂಗಡಿ ನನ್ನದು. ನಡುವೆ ಇರುವುದು ಒಂದು ತಗಡಿನ ಗೋಡೆ. ಆ ಕಡೆ ಸಕ್ಕರೆ ಡಬ್ಬ ತೆರೆದರೆ ಈ ಕಡೆ ಕೇಳುತ್ತದೆ. ಕದ್ದು ಕೇಳುತ್ತೇನೆ ಎಂದು ಜನ ಆಡಿಕೊಳ್ಳುತ್ತಾರೆ. ಮಾತು ತಾನಾಗಿ ಬಂದು ಕಿವಿಗೆ ಬಿದ್ದರೆ ನಾನೇನು ಕಿವಿಗೆ ಹತ್ತಿ ತುರುಕಿಕೊಳ್ಳಲೇ? ಹುಡುಗರ ಬಿಳಿ ಶರ್ಟುಗಳು ಪ್ರತಿ ಸೋಮವಾರ ನನ್ನ ಹತ್ತಿರ ಬರುತ್ತಿದ್ದವು. ಧೂಳು ಬೀದಿಯಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ತಿರುಗಿ ಎಂದು ಕಳಿಸಿದ ಪುಣ್ಯಾತ್ಮ ಯಾರೋ, ಒಂದು ಸಲವೂ ಕಾಲರ್ ಉಜ್ಜಿದವನಲ್ಲ.

ನಮ್ಮ ಬೀದಿ ಅವರನ್ನು ಚೆನ್ನಾಗಿಯೇ ನೋಡಿಕೊಂಡಿತು. ಅಂದರೆ, ಬಾಗಿಲು ತೆರೆಯಲಿಲ್ಲ. ಬಿಸಿನೀರು ಬಾಗಿಲು ತಟ್ಟಿ, "ಎರಡು ನಿಮಿಷ ಮಾತಾಡಬಹುದಾ?" ಎನ್ನುವುದು, ಒಳಗಿನಿಂದ, "ಮನೇಲಿ ಯಾರೂ ಇಲ್ಲ" ಎಂದು ಉತ್ತರ ಬರುವುದು. ಅವನು, "ಪರವಾಗಿಲ್ಲ, ಆಮೇಲೆ ಬರ್ತೀವಿ" ಎನ್ನುವುದು. ಯಾರೂ ಇಲ್ಲದ ಮನೆಗೆ ಅಷ್ಟು ಮರ್ಯಾದೆಯಿಂದ ಉತ್ತರ ಕೊಟ್ಟವನು ಅವನೊಬ್ಬನೇ. ನಿವೃತ್ತ ವಕೀಲರೊಬ್ಬರು ಮಾತ್ರ ಒಳಗೆ ಕರೆದು ಕೂರಿಸಿದರು. ಮಧ್ಯಾಹ್ನವಿಡೀ ತಾವೇ ಮಾತಾಡಿ ಕಳಿಸಿದರು.

ಹುಡುಗರು ಕೆಲಸಕ್ಕೂ ಒದಗುತ್ತಾರೆ, ದುಡ್ಡು ಮುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ನಮ್ಮವರಿಗೆ ಭಕ್ತಿ ಉಕ್ಕಿತು. ಮೂಲೆ ಮನೆಯ ದರ್ಜಿಯ ಹೆಂಡತಿ ಒಂದು ದಿನ ತಾನಾಗಿಯೇ, "ಬನ್ನಿ ಬನ್ನಿ" ಎಂದು ಬಾಗಿಲು ತೆರೆದಳು. ಬಿಸಿನೀರಿನ ಮುಖ ನೋಡಬೇಕಿತ್ತು! ಕರಪತ್ರ ಕೈಯಲ್ಲಿ ಹಿಡಿದೇ ಒಳಗೆ ಹೋದ. ಒಳಗಿದ್ದದ್ದು ಕಬ್ಬಿಣದ ಬೀರು, ಮೂರನೇ ಮಹಡಿಗೆ ಹೋಗಬೇಕಿತ್ತು. ಹೊತ್ತುಕೊಂಡು ಹೋಗಿ ಇಟ್ಟರು. ಟೈ ಕೂಡ ಬಿಚ್ಚಲಿಲ್ಲ. ಕೆಳಗೆ ಬಂದವನು ಬೆವರು ಒರೆಸಿಕೊಳ್ಳುತ್ತಾ, "ಅಕ್ಕಾ, ಅವರು ಕರಪತ್ರ ಇಸ್ಕೊಂಡ್ರು!" ಎಂದ ನನಗೆ. ಆ ಕರಪತ್ರವನ್ನು ಬೀರು ಅಲುಗಾಡದ ಹಾಗೆ ಕಾಲಿಗೆ ಒತ್ತುಕೊಟ್ಟಿದ್ದನ್ನು ನಾನು ಹೇಳಲಿಲ್ಲ. ಸಂತೋಷಪಡಲಿ ಬಿಡಿ, ಪಾಪ.

ಅವನಿಗೆ ಸಂತೋಷ ಬೇಕಾಗಿತ್ತು. ಸೋಮವಾರ ಬಟ್ಟೆ ಕೊಟ್ಟು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಿದ್ದ. ಸ್ಪೀಕರ್ ಹಾಕದಿದ್ದರೆ ಏನೂ ಕೇಳಿಸದ ಹಾಳು ಫೋನು ಅದು. ಅವನ ಅಪ್ಪನೂ ಹಿಂದೆ ಹೀಗೆಯೇ ಊರೂರು ತಿರುಗಿದವರು. ಎಷ್ಟೋ ಜನಕ್ಕೆ ದೀಕ್ಷಾಸ್ನಾನ ಮಾಡಿಸಿ ಸಭೆಗೆ ಸೇರಿಸಿದ್ದರಂತೆ. ಒಬ್ಬೊಬ್ಬರನ್ನೂ ನೀರಿನಿಂದ ಎದ್ದ ಕೂಡಲೇ ಪಕ್ಕದಲ್ಲಿ ನಿಲ್ಲಿಸಿ ತೆಗೆಸಿದ ಫೋಟೋಗಳು ಅವರ ಮನೆಯ ಗೋಡೆಯ ತುಂಬ ಇವೆಯಂತೆ.

"ಯಾರಾದ್ರೂ ಸಿಕ್ಕಿದ್ರಾ, ಮಗ?" ಅಪ್ಪನ ಮೊದಲ ಪ್ರಶ್ನೆಯೇ ಅದು.

"ಇಲ್ಲಪ್ಪ."

"ಪ್ರಯತ್ನ ಮಾಡ್ತಾ ಇರು. ನಿನ್ನ ಫೋಟೋಗೆ ಅಂತ ಒಂದು ಮೊಳೆ ಹೊಡೆದಿಟ್ಟಿದೀನಿ."

ಊಟ ಮಾಡಿದೆಯಾ, ಕಾಲು ನೋಯುತ್ತಾ ಎಂದು ಕೇಳಬಾರದೇ ಮನುಷ್ಯ! ಇಸ್ತ್ರಿ ಪೆಟ್ಟಿಗೆಯನ್ನು ಧೊಪ್ಪೆಂದು ಇಡುತ್ತಿದ್ದೆ. ಎರಡು ವರ್ಷ ಮುಗಿಯುತ್ತಾ ಬಂದಿತ್ತು. ಹುಡುಗ ಒಬ್ಬರನ್ನೂ ಸೇರಿಸಿರಲಿಲ್ಲ. ಖಾಲಿ ಮೊಳೆಯ ಮುಂದೆ ಹೋಗಿ ನಿಲ್ಲಬೇಕಲ್ಲ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಇನ್ನು ಟೀ ಮಾವ. ಇಡೀ ಬೀದಿಗೆ ಅವನು ಮಾವ. ಅವನ ಹೆಂಡತಿ ಹೋಗಿ ವರ್ಷವಾಗಿತ್ತು. ಆ ಅಂಗಡಿಯ ಟೀ ಅವಳದು. ಎಷ್ಟು ಪುಡಿ, ಎಷ್ಟು ಕುದಿ, ಯಾವಾಗ ಹಾಲು ಎಂದು ಅವನಿಗೆ ಬೈದು ಬೈದು ಕಲಿಸಿದವಳು ಅವಳೇ. ಬೆಳಗಿನ ಮೊದಲ ಲೋಟವನ್ನು ಇಬ್ಬರೂ ಅರ್ಧರ್ಧ ಕುಡಿದು, ಸರಿ ಇದೆ ಎಂದ ಮೇಲೆಯೇ ಗಿರಾಕಿಗೆ. ಅವಳು ಹೋದ ಮೇಲೆ ನಾವೆಲ್ಲ ಎರಡು ದಿನ, "ಅಯ್ಯೋ ಪಾಪ" ಎಂದೆವು, ಮೂರನೇ ದಿನ, "ಮಾವ, ಒಂದು ಸ್ಟ್ರಾಂಗ್" ಎಂದೆವು. ಅವನ ಪಕ್ಕ ಕೂತು, ಹೇಗಿದ್ದೀ ಎಂದು ಕೇಳಿದವರು ಬಿಸಿನೀರು ಮತ್ತು ನೆರಳು ಮಾತ್ರ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಬಿಸಿನೀರು ಹೀರುತ್ತಾ ಅವನ ಹೆಂಡತಿಯ ಕಥೆ ಕೇಳುತ್ತಿದ್ದರು.

ಒಂದು ದಿನ ಬಿಸಿನೀರು ಹೇಳಿದ, "ನಮ್ಮಲ್ಲಿ ಗಂಡ ಹೆಂಡತಿ ಸಂಬಂಧ ಸಾವಿನ ಜೊತೆ ಮುಗಿಯಲ್ಲ ಅಂಕಲ್. ಅದಕ್ಕೇ ಒಂದು ವಿಧಿ ಇದೆ. ಆಮೇಲೂ ಒಟ್ಟಿಗೇ ಇರ್ತಾರೆ, ಶಾಶ್ವತವಾಗಿ."

ತಗಡಿನ ಆಚೆ ಲೋಟ ತೊಳೆಯುವ ಸದ್ದು ನಿಂತಿತು.

"ಅವಳು ಸಿಗ್ತಾಳಾ?" ಎಂದ ಮಾವ.

"ಸಿಗ್ತಾರೆ."

"ಹಾಗಾದ್ರೆ ನನ್ನ ಸೇರಿಸ್ಕೊಳ್ಳಪ್ಪ."

ಬಿಸಿನೀರು ಹೊರಗೆ ಬಂದು ನೆರಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ. ಹಿರಿಯರು ಮಾಡುವ ಕೆಲಸವೇ ಅದು! ಸೋಮವಾರ ಫೋನಿನಲ್ಲಿ ಅಪ್ಪ ಅತ್ತೇಬಿಟ್ಟರು. ಈ ಹಾಳು ಕಣ್ಣು, ನನಗೂ ನೀರು ಬಂತು. ದೀಕ್ಷಾಸ್ನಾನಕ್ಕೆ ತಿಂಗಳಾಚೆಯ ಒಂದು ಶನಿವಾರ ಗೊತ್ತುಮಾಡಿದರು.

ಆಮೇಲೆ ನೆರಳು ನಿಯಮಗಳನ್ನು ಓದಿ ಹೇಳಿದ. ಹೊಗೆಸೊಪ್ಪು ಇಲ್ಲ, ಹೆಂಡ ಇಲ್ಲ. ಮಾವನಿಗೆ ಅವೆರಡೂ ಮೊದಲೇ ಇರಲಿಲ್ಲ. ಕಾಫಿ ಇಲ್ಲ. ಟೀ ಇಲ್ಲ.

"ಮಾರಬಹುದಾ?"

"ಕುಡೀಬಾರದು ಅಂತ ಅಷ್ಟೇ ಇರೋದು," ಎಂದ ಬಿಸಿನೀರು. ಮಾವ ಆಯಿತು ಎಂದ. ಅವತ್ತಿನಿಂದ ಒಂದು ತೊಟ್ಟು ಮುಟ್ಟಲಿಲ್ಲ. ಅಲ್ಲಿಗೆ ನಮ್ಮ ಬೀದಿಗೆ ಗ್ರಹಚಾರ ಹಿಡಿಯಿತು.

ಬಾಯಿಗೆ ಇಡದೆ ಟೀ ಮಾಡಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಒಂದು ದಿನ ಪಾಯಸ, ಮರುದಿನ ಕಷಾಯ. ದರ್ಜಿ ಒಂದು ಗುಟುಕು ಕುಡಿದು, ಶರ್ಟಿನ ತೋಳನ್ನು ಕುತ್ತಿಗೆಗೆ ಹೊಲಿದ. ವಕೀಲರಿಗೆ ಬೆಳಗಿನ ಕೆಲಸ ಸಲೀಸಾಗಿ ಆಗುವುದು ನಿಂತಿತು. ಅದನ್ನು ಅವರೇ ಬೀದಿಗೆಲ್ಲ ಹೇಳಿಕೊಂಡರು. ಹೆಂಡತಿ ಸತ್ತಾಗ ಎರಡೇ ದಿನ ಮರುಗಿದ ಜನ, ಟೀ ಕೆಟ್ಟಾಗ ವಾರಗಟ್ಟಲೆ ಮರುಗಿದರು.

ರುಚಿ ನೋಡಿ ಉಗುಳಲಿ, ಉಗುಳಿದರೆ ಕುಡಿದ ಹಾಗಾಗುವುದಿಲ್ಲ ಎಂದು ವಕೀಲರು ವಾದ ಹೂಡಿದರು. ಮಾವನಿಗೆ ಸಿಟ್ಟು ಬಂತು. "ಉಗುಳೋದಾ? ಅವಳು ಕಲಿಸಿಕೊಟ್ಟ ಟೀನ ಉಗುಳೋದಾ? ಎದ್ದು ಹೋಗ್ರಿ!"

ಕೊನೆಗೆ ಬೀದಿಯೆಲ್ಲ ಸೇರಿ ಹುಡುಗರ ಕೋಣೆಗೇ ನಡೆಯಿತು. ತಮಾಷೆ ನೋಡಬೇಕಲ್ಲ ಎಂದು ನಾನೂ ಹೋದೆ. ಮೆಟ್ಟಿಲು ಕಿರಿದು, ಇಬ್ಬಿಬ್ಬರಾಗಿಯೇ ಹತ್ತಬೇಕು. ವಕೀಲರು ಬಾಗಿಲು ತಟ್ಟಿದರು. ಬಿಸಿನೀರು ತೆರೆದ.

"ಎರಡು ನಿಮಿಷ ಮಾತಾಡಬಹುದಾ?" ಎಂದರು ವಕೀಲರು.

ಹುಡುಗನ ಕಣ್ಣು ಅರಳಿತು. ಮನೆಯಲ್ಲಿ ಯಾರೂ ಇಲ್ಲ ಎಂದು ಅವನು ಹೇಳಬೇಕಿತ್ತು, ನಾನಾಗಿದ್ದರೆ ಹೇಳುತ್ತಿದ್ದೆ. ಅವನು ಎಲ್ಲರನ್ನೂ ಮಂಚದ ಮೇಲೆ, ನೆಲದ ಮೇಲೆ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರಿಸಿದ. ಜನ ಬಾಯಿ ತೆರೆಯುವ ಮೊದಲೇ ಪುಸ್ತಕ ತೆರೆದ. ಮೊದಲಿನಿಂದ ಕೊನೆಯವರೆಗೆ ಪೂರ್ತಿ ಪಾಠ. ಟೀ ವಾಪಸ್ಸು ಬಂದೀತು ಎಂಬ ಆಸೆಗೆ ಒಬ್ಬರೂ ಕೆಮ್ಮಲಿಲ್ಲ. ದರ್ಜಿಯಂತೂ ನಡುನಡುವೆ ತಲೆಯಾಡಿಸಿದ. ಕೊನೆಗೆ ವಿಷಯ ಹೇಳಿದಾಗ ಬಿಸಿನೀರು ಕೈಮುಗಿದು, "ಟೀ ಬಿಡೋದು ಅಂಕಲ್ ಅವರ ತೀರ್ಮಾನ, ನಾನು ಹೇಗೆ ರದ್ದು ಮಾಡ್ಲಿ?" ಎಂದ. ಎಲ್ಲರೂ ಗೊಣಗುತ್ತಾ ಇಳಿದರು. ಅವನು ಮಾತ್ರ, ಅಷ್ಟು ಜನ ಕೂತು ಕೇಳಿದರಲ್ಲ ಎಂದು ವಾರವಿಡೀ ಗಾಳಿಯಲ್ಲಿ ತೇಲುತ್ತಿದ್ದ.

ಗೊತ್ತಾದ ಶನಿವಾರ ಬಂತು. ಮಾವನಿಗಾಗಿ ದರ್ಜಿ ಹೊಸ ಬಿಳಿ ಶರ್ಟು, ಬಿಳಿ ಪ್ಯಾಂಟು ಹೊಲಿದಿದ್ದ; ಈ ಸಲ ತೋಳು ತೋಳಿನ ಜಾಗದಲ್ಲೇ ಇತ್ತು. ನಾನು ಇಸ್ತ್ರಿ ಮಾಡಿದ್ದೆ. ಸಭೆಯ ಮನೆಯಲ್ಲಿ ತೊಟ್ಟಿಗೆ ನೀರು ತುಂಬಿಸಿದ್ದರು. ಮೈಯೆಲ್ಲ ಒಂದೇ ಸಲ ಮುಳುಗಬೇಕಂತೆ, ಕಾಲ್ಬೆರಳು ಮೇಲೆ ಕಂಡರೂ ಮತ್ತೆ ಮುಳುಗಿಸಬೇಕಂತೆ. ಮಾವನ ಹೊಟ್ಟೆ ತೇಲುತ್ತದೆ ಎಂದು ದರ್ಜಿ ಪಂದ್ಯ ಕಟ್ಟಿದ್ದ. ಕರೆದುಕೊಂಡು ಹೋಗಲು ಹುಡುಗರು ಬೆಳಿಗ್ಗೆಯೇ ಬಂದರು. ನಾನು ಬಟ್ಟೆ ಕೊಡಲು ಅವರ ಹಿಂದೆಯೇ ಟೀ ಅಂಗಡಿಯೊಳಗೆ ಹೋದೆ.

ಒಲೆಯ ಪಕ್ಕ ಎರಡು ಲೋಟ ಇದ್ದವು. ಎರಡರಲ್ಲೂ ಅರ್ಧರ್ಧ ಟೀ, ಬಿಸಿ ಬಿಸಿ, ಹಬೆಯಾಡುತ್ತಿತ್ತು.

ಬಿಸಿನೀರು ನಿಂತುಬಿಟ್ಟ. "ಅಂಕಲ್... ಕುಡಿದ್ರಾ?"

"ಛೆ, ಛೆ! ನಾನ್ಯಾಕೆ ಕುಡೀಲಿ. ದಿನಾ ಮಾಡಿಡ್ತೀನಿ. ಆರಿದ ಮೇಲೆ ಮೋರಿಗೆ ಚೆಲ್ತೀನಿ." ಮಾವ ಲೋಟಗಳನ್ನು ಸೆರಗಿನಲ್ಲಿ ಬಚ್ಚಿಡುವ ಹೆಂಗಸಿನಂತೆ ಟವಲಿನಿಂದ ಮುಚ್ಚಿದ. "ಅವಳು ಹೋದ ಮೇಲೂ ಬೆಳಿಗ್ಗೆ ಅವಳದ್ದೊಂದು ಇಟ್ಟು, ನನ್ನದು ಕುಡೀತಿದ್ದೆ. ಮಾತಾಡ್ತಿದ್ದೆ. ಈಗ ಕುಡಿಯಲ್ಲ, ಹಾಗಾಗಿ ಮಾತೂ ಬರಲ್ಲ. ಇರ್ಲಿ ಬಿಡು. ಮುಂದೆ ಶಾಶ್ವತವಾಗಿ ಸಿಗ್ತಾಳಲ್ಲ."

ಮಾವ ಟವಲಿನ ಅಂಚು ಸರಿಮಾಡುತ್ತಾ ಕೇಳಿದ, "ಒಂದು ಮಾತು ಕೇಳಬೇಕು ಅಂತಿದ್ದೆ ಕಣಪ್ಪ. ಅಲ್ಲಿ ಟೀ ಇರುತ್ತಾ? ಟೀ ಇಲ್ಲದಿದ್ರೆ ಅವಳು ಅಲ್ಲಿ ಏನು ಮಾಡ್ತಾಳೆ?"

ಪ್ರತಿ ಪ್ರಶ್ನೆಗೂ ಪುಟ ತಿರುಗಿಸಿ ಉತ್ತರ ತೋರಿಸುತ್ತಿದ್ದ ಹುಡುಗ ಪುಸ್ತಕದ ಕಡೆ ಕೈಯನ್ನೂ ಹಾಕಲಿಲ್ಲ. "ಗೊತ್ತಿಲ್ಲ, ಅಂಕಲ್," ಎಂದ.

"ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ. ನಡಿ, ಹೊತ್ತಾಗುತ್ತೆ."

ಬಿಸಿನೀರು ಕದಲಲಿಲ್ಲ. ಟವಲು ತೆಗೆದು ಒಂದು ಲೋಟ ಎತ್ತಿ ಮಾವನ ಕೈಗೆ ಕೊಟ್ಟ. "ಇವತ್ತು ಬೇಡ ಅಂಕಲ್. ಯೋಚನೆ ಮಾಡಿ, ಎಷ್ಟು ದಿನ ಬೇಕಾದ್ರೂ ಆಗ್ಲಿ. ಈಗ ಇದನ್ನ ಕುಡೀರಿ, ಆರಿಹೋಗುತ್ತೆ."

"ತಲೆ ಕೆಟ್ಟಿದ್ಯಾ ನಿಂಗೆ?" ನೆರಳು ಅವನ ತೋಳು ಹಿಡಿದೆಳೆದ. "ಅಲ್ಲಿ ಎಲ್ಲರೂ ಕಾಯ್ತಿದಾರೆ! ಬುಧವಾರ ನೀನು ಊರಿಗೆ ಹೊರಡ್ತೀಯ. ನಿಮ್ಮಪ್ಪನಿಗೆ ಏನು ಹೇಳ್ತೀಯ?"

ಮಾವ ಇಬ್ಬರ ಮುಖವನ್ನೂ ನೋಡಿದ, ಲೋಟ ನೋಡಿದ. ಕುಡಿದ. ಎರಡನೇ ಗುಟುಕಿಗೆ, "ಏನಿದು, ಸಕ್ಕರೆ ಇಷ್ಟೊಂದು! ಇಷ್ಟು ದಿನ ಇದನ್ನೇ ಕೊಟ್ಟೆನಾ ನಿಮಗೆಲ್ಲ?" ಎಂದ. ಆಮೇಲೆ ಇನ್ನೊಂದು ಲೋಟದ ಕಡೆ ತಿರುಗಿ, "ನೀನಾದ್ರೂ ಹೇಳಬಾರದಿತ್ತೇನೇ?" ಎಂದು ಬೈದ. ನಾನು ಬಟ್ಟೆಯ ಮರೆಯಲ್ಲಿ ಮುಖ ಇಟ್ಟುಕೊಂಡು ಅತ್ತೆ. ಇಸ್ತ್ರಿ ಹಾಳಾಯಿತು.

ಬಿಸಿನೀರಿನ ಅಪ್ಪನಿಗೆ ಸೋಮವಾರದವರೆಗೆ ಕಾಯಲು ಆಗಲಿಲ್ಲ. ಅವತ್ತೇ ಅವರಿಂದಲೇ ಫೋನ್ ಬಂತು.

"ಆಯ್ತಾ, ಮಗ? ಫೋಟೋ ಕಳಿಸು."

"ಇಲ್ಲಪ್ಪ. ಆಗ್ಲಿಲ್ಲ. ನಾನೇ ಬೇಡ ಅಂದೆ." ನನ್ನ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಲೋಟ, ಮೋರಿ, ಮಾವ ಕೇಳಿದ ಪ್ರಶ್ನೆ. ಹೇಳಿ ಮುಗಿಸಿ ಬೈಗುಳಕ್ಕೆ ಕಾದು ಕೂತ. ಫೋನು ಪೂರ್ತಿ ಕೆಟ್ಟಿತು ಎಂದುಕೊಂಡೆ.

"ಈ ಗೋಡೆ ಮೇಲೆ ಇಷ್ಟು ಜನ ಇದಾರೆ," ಎಂದರು ಅಪ್ಪ ಕೊನೆಗೆ. "ಅವರೆಲ್ಲ ಏನೇನು ಬಿಟ್ಟು ಬಂದ್ರು ಅಂತ ನಾನು ಒಬ್ಬರನ್ನೂ ಕೇಳಿರ್ಲಿಲ್ಲ ಮಗ." ಆಮೇಲೆ, "ಊಟ ಆಯ್ತಾ?" ಎಂದರು.

ಹುಡುಗ ಹೂಂ ಎಂದ. ಸುಳ್ಳು, ಬೆಳಗಿನಿಂದ ಏನೂ ತಿಂದಿರಲಿಲ್ಲ.

ತಗಡಿನ ಗೋಡೆ ಆ ಕಡೆಯವರಿಗೂ ಒಂದೇ ತಾನೇ? ಮಾವನಿಗೆ ಎಲ್ಲ ಕೇಳಿಸಿತ್ತು. ಬುಧವಾರ ಬಿಸಿನೀರು ಪೆಟ್ಟಿಗೆ ಹಿಡಿದು ಹೊರಟಾಗ ಮಾವ ಹೊಸ ಬಿಳಿ ಶರ್ಟು, ಬಿಳಿ ಪ್ಯಾಂಟು ತೊಟ್ಟು ಅಂಗಡಿಯ ಮುಂದೆ ನಿಂತಿದ್ದ. "ಮೊಳೆ ಸುಮ್ನೆ ಯಾಕೆ ಖಾಲಿ ಇರಬೇಕು? ಬಾ, ನಿಂತ್ಕೋ," ಎಂದು ಹುಡುಗನ ಕೈಗೆ ಒಂದು ಲೋಟ ಬಿಸಿನೀರು ಕೊಟ್ಟು, ತಾನು ಟೀ ಲೋಟ ಹಿಡಿದ. ನೆರಳು ಫೋಟೋ ತೆಗೆದ. ಬೀದಿಯ ಜನ ಕೈಬೀಸಿ ಕಳಿಸಿದರು, ದರ್ಜಿ ಕಣ್ಣೊರೆಸಿಕೊಂಡ. ಮರುವಾರ ಬಿಸಿನೀರಿನ ಜಾಗಕ್ಕೆ ಹೊಸಬ ಬಂದು ನೆರಳಿನ ಜೊತೆ ಬಾಗಿಲು ತಟ್ಟಿದಾಗ ಅದೇ ಜನ ಒಳಗಿನಿಂದಲೇ, "ಮನೇಲಿ ಯಾರೂ ಇಲ್ಲ" ಎಂದರು.

ಮಾವ ಈಗಲೂ ಭಾನುವಾರ ಆ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಾನೆ. ಇನ್ನೂ ಯೋಚನೆ ಮಾಡುತ್ತಿದ್ದಾನಂತೆ. ಟೀ ಮತ್ತೆ ಮೊದಲಿನ ರುಚಿಗೆ ಬಂದಿದೆ. ಫೋಟೋ ಆ ಮೊಳೆಗೇ ಹೋಯಿತು ಎಂದು ಹುಡುಗ ಫೋನ್ ಮಾಡಿ ಹೇಳಿದ. ಅವರಪ್ಪನ ಗೋಡೆಯ ಮೇಲಿರುವವರೆಲ್ಲ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಾರಂತೆ. ಒಣಗಿರುವವನು ನಮ್ಮ ಟೀ ಮಾವ ಒಬ್ಬನೇ.