ಚುಕ್ಕಿಯ ಕಣ್ಣಲ್ಲಿ ಸೀಬೆಹಣ್ಣು

ಶಾಲೆಯಿಂದ ಬಂದ ಮಗಳು ನನ್ನ ಮೂಗಿನ ಹತ್ತಿರ ಬಾಯಿ ತಂದು ‘ಹಾ’ ಎಂದು ಉಸಿರು ಬಿಟ್ಟಳು. "ಅಮ್ಮಾ, ಜಂತುಹುಳದ ಮಾತ್ರೆ ಕೊಟ್ರು, ವಾಸನೆ ನೋಡು!"

ಆ ವಾಸನೆಗೆ ನಾನು ಮಾರೇನಹಳ್ಳಿಯ ನಮ್ಮ ಹಿತ್ತಿಲಿಗೇ ಹೋಗಿಬಿಟ್ಟೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಅಲ್ಲಿ ಮೇಕೆ ಸಾಕಿದ್ದರು. ನನ್ನ ಮುದ್ದಿನ ಮರಿ ಚುಕ್ಕಿ ಸೊರಗಿ, ಗದ್ದದ ಕೆಳಗೆ ಊದಿಕೊಂಡು ಮಲಗಿಬಿಟ್ಟಿತ್ತು. ದೃಷ್ಟಿಯಾಗಿದೆ ಎಂದು ಅಜ್ಜಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಅವತ್ತು ಬೀದಿಯೆಲ್ಲ ಕೆಮ್ಮಿತು!

"ದೃಷ್ಟಿ ಅಲ್ಲ ಕಣೇ, ಎತ್ಕೋ ಮರೀನ," ಎಂದು ಅಜ್ಜಿ ದನದ ಆಸ್ಪತ್ರೆಗೆ ಓಡಿದರು.

ಡಾಕ್ಟರು ಚುಕ್ಕಿಯ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಸುಣ್ಣದಂತೆ ಬಿಳಿ. "ಹೊಟ್ಟೇಲಿ ಹುಳ ರಕ್ತ ಕುಡೀತಿವೆ ಅಜ್ಜಿ. ಇಲ್ಲಿ ಕೆಂಪಾದ್ರೆ ಬದುಕ್ತು ಅನ್ಕೊಳ್ಳಿ," ಎಂದು ಬಾಯಿಗೆ ಔಷಧಿ ಹುಯ್ದರು. ಇದೇ ವಾಸನೆ!

ಒದ್ದೆ ಹುಲ್ಲಿನ ಜೊತೆಗೇ ಹುಳ ಹೊಟ್ಟೆ ಸೇರುತ್ತವೆ ಎಂದು ಡಾಕ್ಟರು ಹೇಳಿದ ಮೇಲೆ ಅಜ್ಜಿ ಇಬ್ಬನಿ ಆರುವವರೆಗೆ ಅದನ್ನು ಹುಲ್ಲಿಗೆ ಬಿಡಲಿಲ್ಲ. ಸೊಪ್ಪನ್ನು ಮೇಲೆ ಕಟ್ಟಿ ತಿನ್ನಿಸಿದರು. ನಾನೋ, ಹಲ್ಲುಜ್ಜುವ ಮೊದಲೇ ಕೊಟ್ಟಿಗೆಗೆ ನುಗ್ಗಿ ರೆಪ್ಪೆ ಎಳೆಯುತ್ತಿದ್ದೆ. ಬಿಳಿ. ಮತ್ತೆ ಬಿಳಿ. ಒಂದು ಬೆಳಗ್ಗೆ, ಚುಕ್ಕಿ ನನ್ನ ಕೈ ಕೊಡವಿಕೊಂಡು ಎದ್ದು ನಿಂತಿತು. ಹಿಡಿದು ನೋಡಿದರೆ, ಕೆಂಪು!

"ಅಜ್ಜೀ, ಒಳಗೆ ಕೆಂಪು ಸೀಬೆಹಣ್ಣಾಗಿದೆ!"

ಅಜ್ಜಿ ಓಡಿ ಬಂದು ನೋಡಿದರು. ನಂತರ ನನ್ನ ರೆಪ್ಪೆಯನ್ನೂ ಎಳೆದು, "ನಿನಗಿಂತ ಅದೇ ವಾಸಿ. ನಾಳೆಯಿಂದ ನೀನೂ ಸೊಪ್ಪು ತಿನ್ನು," ಎಂದರು.

"ಅಮ್ಮಾ, ನನ್ ಕಣ್ಣು ಯಾಕೆ ಎಳೀತಿದೀಯಾ?" ಮಗಳು ಕಿರುಚುತ್ತಿದ್ದಾಳೆ.

"ಸುಮ್ನಿರೇ, ಸೀಬೆಹಣ್ಣು ನೋಡ್ತಿದೀನಿ."