ನೀರಿನ ನಳಿಕೆ

ನಮ್ಮ ಮೇಡಂ ಚಹಾದ ಕಪ್ಪು ಹಿಡಿದಾಗಲೂ ಅವರ ಬಲಗೈ ಹೆಬ್ಬೆರಳು ಮೇಲಕ್ಕೆದ್ದೇ ಇರುತ್ತಿತ್ತು. ವರ್ಷಗಟ್ಟಲೆ ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಅದರ ತುದಿ ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಮುಖ್ಯವಾದ ಮಾತು ಬಂದಾಗ ಆ ಬೆರಳು ಗಾಳಿಯಲ್ಲೇ ಒಮ್ಮೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹನಿ ಬಿತ್ತು ಅಂತ ನಾವು ತಿಳಿದುಕೊಳ್ಳಬೇಕು.

ಶಹಾಪುರದಲ್ಲಿ, ಕಾಲುವೆ ಕಟ್ಟುವಾಗ ಎಂಜಿನಿಯರುಗಳಿಗೆಂದು ಎಬ್ಬಿಸಿದ ಹಳೆಯ ಕ್ವಾರ್ಟರ್ಸೊಂದರಲ್ಲಿ ನಮ್ಮ ಪ್ರಯೋಗಾಲಯವಿತ್ತು. ದನ, ಕುರಿ, ಆಡುಗಳ ರೋಗ ಪತ್ತೆ ಹಚ್ಚುವುದು ಕೆಲಸ. ಹಿಂದೆ ಅಡುಗೆಮನೆಯಾಗಿದ್ದದ್ದು ನಮಗೆ ದ್ರಾವಣ ಬೆರೆಸುವ ಚೊಕ್ಕ ಕೋಣೆ. ಮಲಗುವ ಕೋಣೆಯಲ್ಲಿ ಯಂತ್ರ ಮತ್ತು ಜೆಲ್ಲು. ಒಂದೊಂದು ಕೋಣೆಗೂ ಬೇರೆ ಕೋಟು, ಬೇರೆ ಚಪ್ಪಲಿ, ಬೇರೆ ಪಿಪೆಟ್ಟು. ಮೇಡಂ ಸಗರದ ಒಕ್ಕಲುತನದ ಮನೆಯವರು. "ನಮ್ಮವ್ವ ದೇವರ ಮನಿಗೂ ಇಷ್ಟು ಮಡಿ ಮಾಡಿಲ್ಲ ನೋಡು" ಎಂದು ತಮಗೆ ತಾವೇ ನಗುತ್ತಿದ್ದರು.

ನಾನು ಹುಟ್ಟಾ ಚಿಂತೆಗಾರ. ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವನು. ಬಸ್ಸು ತಪ್ಪಿದರೆ ಅದೂ ಒಂದು ಚಿಂತೆ. ಉಳಿದವರಿಗೆ ನಾನು ತಮಾಷೆಯ ವಸ್ತು. ಮೇಡಂ ಮಾತ್ರ ಅದನ್ನು ಬೇರೆ ರೀತಿ ಕಂಡರು. "ಫಿಕರ್ ಮಾಡೋ ಮನಷಾರು ನನಗ ಬೇಕಾಗ್ಯಾರ ತಮ್ಮಾ. ಆದ್ರ ನಿನ್ನ ಫಿಕರಿಗೆ ಒಂದು ಕೆಲಸ ಹಚ್ಚಬೇಕು" ಎಂದು ನೀರಿನ ನಳಿಕೆಯನ್ನು ನನ್ನ ಪಾಲಿಗೆ ಕೊಟ್ಟರು.

ಅದು ಏನೆಂದು ಹೇಳುತ್ತೇನೆ. ಕುರಿಯ ಮೂಗಿನಿಂದ ತೆಗೆದ ಮಾದರಿಯಲ್ಲಿ ರೋಗಾಣುವಿನ ವಂಶವಾಹಿಯ ಚೂರು ಇದ್ದರೆ, ಪಿಸಿಆರ್ ಯಂತ್ರ ಅದರ ನಕಲು ತೆಗೆಯುತ್ತದೆ, ನಕಲಿನದೂ ನಕಲು, ಕಣ್ಣಿಗೆ ಕಾಣುವಷ್ಟಾಗುವ ತನಕ. ಆಮೇಲೆ ಜೆಲ್ಲಿನ ಮೇಲೆ ಅದು ಮಿಂಚುವ ಗೆರೆಯಾಗಿ ಮೂಡುತ್ತದೆ. ತೊಂದರೆಯೆಂದರೆ, ಹಿಂದಿನ ಪರೀಕ್ಷೆಯ ನಕಲು ಒಂದಿಷ್ಟು ಹಾರಿಬಂದು ಇಂದಿನ ನಳಿಕೆಗೆ ಬಿದ್ದರೂ ಗೆರೆ ಮಿಂಚುತ್ತದೆ. ಅದಕ್ಕೇ ಪ್ರತಿ ಸಲವೂ ಮಾದರಿಗಳ ಜೊತೆ, ಮಾದರಿಯ ಬದಲು ಬರೀ ಶುದ್ಧ ನೀರು ಹಾಕಿದ ಒಂದು ನಳಿಕೆಯೂ ಇರಬೇಕು. ಆ ನೀರು ಮಿಂಚಿತೆಂದರೆ ಅವತ್ತಿನ ಯಾವ ಗೆರೆಯನ್ನೂ ನಂಬುವಂತಿಲ್ಲ.

ಒಂದು ವರ್ಷ ಕಾಲುವೆ ಕೆಳಗಿನ ಭತ್ತ ಕೊಯ್ದ ಹೊತ್ತಿಗೆ ಬಳಿಚಕ್ರದ ಕಡೆಯ ಕುರುಬ ಮುದುಕನೊಬ್ಬ ನಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತ. ಅವನ ಹಿಂಡಿನಲ್ಲಿ ಕೆಲವು ಕುರಿಗಳ ಮೂಗು ಸೋರುತ್ತಿತ್ತು. ಹಿಂಡಿಗೆ ಹಿಂಡನ್ನೇ ಕೊಲ್ಲುವ ಹಿರೇಬೇನೆ ಅಲ್ಲ ಎಂದು ಖಾತ್ರಿಯಾಗದ ಹೊರತು ಕಾಲುವೆಯ ಸೇತುವೆ ದಾಟಿ ನಮ್ಮ ಹೊಲಕ್ಕೆ ಹಿಂಡು ಹೊಡಿಯಬೇಡ ಎಂದಿದ್ದರು ಆ ಕಡೆಯ ರೈತರು. ಅಲ್ಲಿ ಅವರವೂ ಕುರಿಗಳಿದ್ದವು. ಈ ಕಡೆಯ ನೀರಾವರಿಯಿಲ್ಲದ ಬೆದ್ದಲಿನಲ್ಲಿ ಹುಲ್ಲು ಮುಗಿದಿತ್ತು. ಹಿಂಡು ಅಲ್ಲೇ ನಿಂತರೆ ಹಸಿವು, ದಾಟಿದರೆ ಊರಿಗೆಲ್ಲ ರೋಗ.

ಜೆಲ್ಲು ನೋಡಿದೆವು. ಅವನ ಕುರಿಗಳ ಎಲ್ಲಾ ಮಾದರಿಗಳೂ ಮಿಂಚುತ್ತಿದ್ದವು. ಕೊನೆಗೆ ನನ್ನ ನೀರೂ.

ನನ್ನ ಕೈಯಿಂದಲೇ ಆದದ್ದೆಂದು ನಾನು ಅಲ್ಲಿಯೇ ತೀರ್ಮಾನಿಸಿಬಿಟ್ಟೆ. ನೌಕರಿ ಹೋದಂತೆ, ಮನೆಯಲ್ಲಿ ಹೇಳಿದಂತೆ, ಹೆಂಡತಿ ಗೋಡೆಗೆ ಮುಖ ಮಾಡಿದಂತೆ ಎಲ್ಲವನ್ನೂ ಕಂಡು ಮುಗಿಸಿದ್ದೆ. ಮೇಡಂ ಚೊಕ್ಕ ಕೋಣೆಯ ಬಾಗಿಲಲ್ಲಿ ನಿಂತು ಸುತ್ತ ನೋಡಿ, "ನಿಂದಲ್ಲ ತಮ್ಮಾ. ಜೆಲ್ಲಿನ ಕೋಣಿ ಪಿಪೆಟ್ಟು ನಿನ್ನಿ ನಾನೇ ಇಲ್ಲಿ ತಂದಿಟ್ಟೀನಿ, ನೋಡಲ್ಲಿ" ಎಂದರು. ನೇರವಾಗಿ ಕಟ್ಟೆಗೆ ಹೋದರು.

"ಮುತ್ಯಾ, ಇವತ್ತಿನ ಪರೀಕ್ಷಾ ಹಾಳಾಯ್ತು. ತಪ್ಪು ನಂದು. ಬರೀ ನೀರು ಹಾಕಿದ ನಳಿಕ್ಯಾಗೂ ರೋಗ ಅದ ಅಂತ ತೋರ್ಸಾಕತ್ಯದ."

ಮುದುಕ ಅವರನ್ನು ಕೆಳಗಿಂದ ಮೇಲಕ್ಕೆ ನೋಡಿದ. "ನೀರಿಗೂ ಮೂಗು ಸೋರಾಕತ್ಯದೇನವ್ವ?"

"ಹಂಗs ತಿಳ್ಕೊ."

"ಏನರ ಒಂದು ಹೇಳಿಬಿಡು ಯವ್ವಾ. ಕುರಿ ಉಪಾಸ ಅವ."

"ಏನರ ಹೇಳಾಕ ನಾ ಯಾಕ ಬೇಕು? ದಾರ್ಯಾಗ ಹೋಗೋರು ಹೇಳ್ತಾರ. ನಾಳಿ ತನಕ ತಡಿ."

ಮೇಡಂ ಮತ್ತು ನಾನು ಸೇರಿ ಗೋಡೆ, ಮೇಜು, ಬಾಗಿಲ ಚಿಲಕದ ತನಕ ಬ್ಲೀಚಿಂಗ್ ನೀರಿನಿಂದ ಒರೆಸಿದೆವು. ಮೇಡಂ ಹೊಸ ದ್ರಾವಣದ ಸೀಸೆ ತೆರೆದರು, ಹೊಸ ಪಿಪೆಟ್ಟು ತೆಗೆದರು, ಮರುದಿನ ಮೊದಲಿನಿಂದ ಪರೀಕ್ಷೆ ಮಾಡಿದರು. ಈ ಸಲ ನೀರಿನ ಸಾಲು ಕಪ್ಪಗೆ ಸುಮ್ಮನಿತ್ತು. ಕುರಿಗಳಲ್ಲಿ ಬಹಳಷ್ಟು ಚೊಕ್ಕ. ಕೆಲವು ಮಾತ್ರ ಮಿಂಚಿದವು.

ಹಿಂಡಿನಲ್ಲಿ ಬೇನೆ ಇದೆ ಎಂದು ಮೇಡಂ ಹೇಳಿದ್ದನ್ನು ಕೇಳಿ ಮುದುಕ ಜಗಳಕ್ಕೆ ನಿಲ್ಲಬಹುದೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. "ನಿನ್ನ ತಪ್ಪು ನೀನs ಹೇಳಿದಾಕಿ. ಈಗ ನನ್ನ ಕುರೀದು ಹೇಳಿದ್ರ ನಂಬಬೇಕಲ್ಲ. ಆದ್ರ ಅವಕ್ಕೇನು ಹಾಕ್ಲಿ?"

ಹೆಬ್ಬೆರಳು ಕೆಳಗಿಳಿಯಿತು. "ಕುರಿ ಸೇತುವಿ ದಾಟಬಾರದು. ಹುಲ್ಲು ದಾಟಿದ್ರ ಯಾರಿಗೇನು?"

ಮೇಡಂ ತಾವೇ ಕಾಲುವೆಯ ಆ ಕಡೆ ಹೋಗಿ ರೈತರ ಜೊತೆ ಕೂತು ಮಾತಾಡಿ ಬಂದರು. ಸಂಜೆಯ ಹೊತ್ತಿಗೆ ಒಂದು ಟ್ರ್ಯಾಕ್ಟರು ಭತ್ತದ ಹುಲ್ಲು ಹೇರಿಕೊಂಡು ಈ ಕಡೆ ಬಂತು. ಮಿಂಚಿದ ಕುರಿಗಳನ್ನು ಬೇರೆ ಕಟ್ಟಿದರು. ಕೆಲವು ಸತ್ತವು, ಹಿಂಡು ಉಳಿಯಿತು. ಕಾಲುವೆ ಕೆಳಗಿನ ಕುರಿಗಳೂ ಉಳಿದವು.

ಮೇಡಂ ಈಗ ಇಲ್ಲ. ನಿವೃತ್ತರಾದ ಮೇಲೆ ಅವರ ರಕ್ತದಲ್ಲೇ ಏನೋ ಕೆಟ್ಟಿತು. ಕಲಬುರಗಿಯ ಆಸ್ಪತ್ರೆಗೆ ಜೊತೆಗೆ ಹೋಗಿದ್ದೆ. ಅವರಿಗೂ ಮಾಡಿದ್ದು ಅದೇ ಬಗೆಯ ಪರೀಕ್ಷೆ. ರೋಗ ಇದೆಯೆಂದು ಡಾಕ್ಟರು ಮೆಲುದನಿಯಲ್ಲಿ ಹೇಳಿ ಮುಗಿಸಿದರು. ಮೇಡಂ ನನ್ನ ಕಡೆ ತಿರುಗಿದರು.

"ತಮ್ಮಾ, ಲ್ಯಾಬಿಗೆ ಹೋಗಿ ಕೇಳಿ ಬಾ. ನೀರಿನ ನಳಿಕಿ ಹೆಂಗಿತ್ತಂತ."

ನೀರು ಎಲ್ಲಿ ಮಿಂಚೀತೋ ಎಂದು ನೌಕರಿಯುದ್ದಕ್ಕೂ ಹೆದರಿದವನು, ಅವತ್ತು ಆ ಉದ್ದನೆಯ ಪಡಸಾಲೆಯಲ್ಲಿ ಅದು ಮಿಂಚಿರಲಿ ಎಂದು ಬೇಡಿಕೊಳ್ಳುತ್ತ ನಡೆದೆ. ಲ್ಯಾಬಿನಾಕೆ ಕಂಪ್ಯೂಟರಿನಲ್ಲಿ ನೋಡಿ, "ಪುರಾ ಕ್ಲೀನ್ ಅದರಿ ಸರ್" ಎಂದಳು. ಹೆಮ್ಮೆಯಿಂದಲೇ ಹೇಳಿದಳು.

ಬಂದು ಹೇಳಿದೆ. ಮೇಡಂ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ಹಂಗಾದ್ರ ಖರೆ ಅದ" ಎಂದರು. "ಛಲೋ ಕೆಲಸ ಮಾಡ್ಯಾರ ಬಿಡು."