ಕೂಗಿ ಎಬ್ಬಿಸಬಾರದ ಮನೆ

ನಮ್ಮ ಮನೆಯಲ್ಲಿ ಮಲಗಿದವರನ್ನು ಯಾರೂ ಕೂಗಿ ಎಬ್ಬಿಸುವುದಿಲ್ಲ. ಪಾದ ಮುಟ್ಟಿ ಎಬ್ಬಿಸುತ್ತೇವೆ. ನಮ್ಮಕ್ಕ ಕಾಡವ್ವ ಮದುವೆಗೆ ಮೊದಲೇ ತೀರಿಕೊಂಡ ಮೇಲೆ ಅವ್ವ ಹಾಕಿದ ಕಟ್ಟಳೆ ಇದು. ಅಕ್ಕ ಮಧ್ಯಾಹ್ನ ಮಲಗಿದ್ದಳು. ಪಕ್ಕದಲ್ಲಿ ಹಿತ್ತಾಳೆ ಕೊಡ ಬಿತ್ತು. ಬೆಚ್ಚಿ ಎದ್ದು ಕೂತವಳು ಹಾಗೇ ಒರಗಿದಳು. ಅವ್ವನ ತಮ್ಮನೂ ಹೀಗೇ ಹೋಗಿದ್ದನಂತೆ. ದೇವಿ ಮಾಯಕ್ಕ ಕರಕೊಂಡಳು ಎಂದರು ಊರವರು.

ಅಣ್ಣ ಭರಮಣ್ಣನ ಮಗಳು ಪ್ರಮಿಳಾ ಬೆಳೆದದ್ದು ಗುಂಜಿ ರೈಲ್ವೆ ಸ್ಟೇಷನ್ ಹಿಂದಿನ ಅದೇ ಮನೆಯಲ್ಲಿ. ಈಗ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಅವಳು ಮೊದಲ ಸಲ ಒಬ್ಬಳೇ ಹಾರಿದ ದಿನ ನಾನು ಫೌಂಡ್ರಿಗೆ ರಜೆ ಹಾಕಿ ಕಂಪೌಂಡಿನ ಆಚೆ ನಿಂತಿದ್ದೆ. "ಅಕಿ ನಮ್ಮ ಹುಡುಗಿ ರೀ" ಎಂದರೆ ನಂಬದವನೊಬ್ಬನ ಜೊತೆ ಜಗಳಕ್ಕೂ ನಿಂತೆ.

ಹಾರಬೇಕಾದರೆ ವರ್ಷಕ್ಕೊಮ್ಮೆ ಡಾಕ್ಟರು ಫಿಟ್ ಎನ್ನಬೇಕು. ಈ ಸಲ ಬೆಳಗಾವಿಯ ದವಾಖಾನೆಗೆ ಅವಳ ಜೊತೆ ಅವಳ ತಾಯಿ, ನನ್ನ ವೈನಿ ಸಿದ್ದಕ್ಕ, ಮತ್ತು ನಾನು ಹೋದೆವು. ಇಸಿಜಿ ಆಯಿತು. ಮನೆಯಲ್ಲಿ ಯಾರಿಗಾದರೂ ಹಾರ್ಟಿನ ಕಾಯಿಲೆ ಇತ್ತೇ ಎಂದು ಡಾಕ್ಟರ್ ಮೇಡಂ ಕೇಳಿದರೆ ಇಲ್ಲ ಎಂದಳು ಪ್ರಮಿಳಾ. ಸುಳ್ಳಲ್ಲ ಅದು. ಮಾಯಕ್ಕ ಕರೆದದ್ದನ್ನು ನಾವು ಯಾವತ್ತೂ ಕಾಯಿಲೆ ಎಂದುಕೊಂಡಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅವಳಿಗೆ ನಿದ್ದೆ ಹತ್ತಿತು. ನರ್ಸ್ ಬಂದು ಕೂಗಲು ಬಾಯಿ ತೆರೆದಳು. ವೈನಿ ಹಾರಿ ಎದ್ದಳು.

"ಯವ್ವಾ, ಕೂಗಬ್ಯಾಡ್ರಿ! ಮಲಗ್ಯಾಳ!"

"ಮತ್ತೇನ್ ಜೋಗುಳ ಹಾಡ್ಲೇನ್ರಿ?" ಎಂದಳು ನರ್ಸ್.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮನ್ಯಾಗ ಕೂಗಿದ್ರ ಸಾಯ್ತಾರ!" ಅಂದುಬಿಟ್ಟೆ.

ಬಾಗಿಲಲ್ಲಿದ್ದ ಡಾಕ್ಟರ್ ಮೇಡಂ ನಿಂತರು. "ಯಾರ್ ಸತ್ತಾರ್ರಿ?"

ಹೇಳಿದೆ. ಅಕ್ಕ ಕೊಡದ ಸಪ್ಪಳಕ್ಕೆ ಹೋದದ್ದು, ಅವ್ವನ ತಮ್ಮ ಹೋದದ್ದು. ಅಷ್ಟರಲ್ಲಿ ವೈನಿ ಪಾದ ಮುಟ್ಟಿ ಪ್ರಮಿಳಾಳನ್ನು ಎಬ್ಬಿಸಿದಳು. ಮೇಡಂ ಇಸಿಜಿ ಪಟ್ಟಿಯನ್ನು ಮತ್ತೆ ತರಿಸಿ ಸ್ಕೇಲ್ ಇಟ್ಟು ಅಳೆದರು.

"ಇಲ್ಲಿ ಗೆರಿ ಏರಿ ಇಳಿಯೂ ನಡುವಿನ ಅಂತರ ಒಂಚೂರು ಉದ್ದ ಕಂಡಿತ್ತು. ಇರ್ಲಿ ಅಂತ ಬಿಟ್ಟಿದ್ದೆ. ಇದು ವಂಶದಾಗ ಬರೂ ಬ್ಯಾನಿ ಇರಬಹುದು. ದಢಕ್ಕನ ಸಪ್ಪಳ ಆದ್ರ ಎದಿ ಬಡಿತ ದಾರಿ ತಪ್ಪತೈತಿ. ಪೂರ್ತಿ ತಪಾಸಣಿ ಆಗೂತನಕ ಅನ್‌ಫಿಟ್ ಅಂತ ಬರೀತೀನಿ."

"ನಾ ಒಂದಿನಾನೂ ತಲಿ ತಿರುಗಿ ಬಿದ್ದಿಲ್ರೀ ಮೇಡಂ" ಎಂದಳು ಪ್ರಮಿಳಾ.

"ಖರೇ. ವಿಮಾನದಾಗ ಅಲಾರಂ ಹೆಂಗ ಒದರತೈತಿ, ಹೇಳು?"

ಪ್ರಮಿಳಾ ಇಸಿಜಿ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದಳು.

"ತಪಾಸಣಿ ಚಲೋ ಬಂದ್ರ ಹಾರಸ್ತೀನಲ್ರಿ?" ಎಂದಳು ಕೊನೆಗೆ.

"ಮಾತು ಕೊಡಾಕ ಬರಂಗಿಲ್ಲವ್ವ." ಆಮೇಲೆ ನನ್ನ ಕಡೆ ತಿರುಗಿ, "ನೀವು, ನಿಮ್ಮಣ್ಣ ಇಬ್ರೂ ಇಸಿಜಿ ತಗಸ್ರಿ. ಸಿಟ್ಟ ಕಡಿಮಿ ಮಾಡ್ರಿ" ಎಂದರು.

ಈಗ ಅವಳು ಗುಂಜಿಯಲ್ಲೇ ಇದ್ದಾಳೆ. ದೊಡ್ಡ ದವಾಖಾನೆಯ ತಾರೀಖಿಗೆ ಕಾಯುತ್ತಿದ್ದೇವೆ. ರೈಲು ಅವಳು ಹುಟ್ಟಿದಾಗಿನಿಂದ ಕೂಗುತ್ತಲೇ ಇದೆ, ಯಾರೂ ಕಿವಿಗೊಟ್ಟಿರಲಿಲ್ಲ. ಈಗ ಇಂಜಿನ್ ಕೂಗಿದರೆ ಬಾಯಿಗೆ ಒಯ್ದ ರೊಟ್ಟಿ ಕೈಯಲ್ಲೇ ನಿಲ್ಲುತ್ತದೆ. ಎಲ್ಲರೂ ಅವಳ ಮುಖ ನೋಡುತ್ತೇವೆ.

"ಇನ್ನಾ ಇದ್ದೀನಿ, ಉಣ್ರಿ" ಎನ್ನುತ್ತಾಳೆ. ಯಾರೂ ನಗುವುದಿಲ್ಲ.

ನಾನೂ ದನಿ ತಗ್ಗಿಸಿ ಮಾತಾಡುತ್ತೇನೆ. ನಿನ್ನೆ ಅದನ್ನು ನೋಡಿ, "ಕಾಕಾ, ಒಮ್ಮೆರ ಒದರಿ ಬಯ್ಯೋ. ಇದು ನಮ್ಮನಿ ಅನ್ನಸವಲ್ದು" ಅಂದಳು.

ಬಾಯಿ ತೆರೆದೆ. ಧೈರ್ಯ ಬರಲಿಲ್ಲ.